ಪಲ್ಪರಿನ ಕೆಳಗಿನ ಹಳ್ಳ

ಹುಸ್ನಾಳ ಪ್ರಾಜೆಕ್ಟಿನ ಒಂದು ಸಾಲು ಕಾಲೇಜಿಗೆ ನುಂಗಲಾರದ ತುತ್ತಾಗಿತ್ತು. ಕಾಲೇಜಿನ ಅಧ್ಯಕ್ಷ ಶಶಿಧರ್ ಅವರ ಎಸ್ಟೇಟಿನಲ್ಲಿ ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಹೊರಬೀಳುವ ನೀರು ಹಳ್ಳವನ್ನು ಕೊಲ್ಲುತ್ತಿದೆ ಎಂದು, ಹೆಸರು ಸಮೇತ ಬರೆದಿದ್ದಳು. ಮೂಡಿಗೆರೆಯ ಆ ಪುಟ್ಟ ಖಾಸಗಿ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಓದುವವರೇ ಬೆರಳೆಣಿಕೆಯಷ್ಟು. ಅವರಿಗೂ ಬಾಯಿ ಇರುತ್ತದೆಂದು ಯಾರೂ ಎಣಿಸಿರಲಿಲ್ಲ.

"ಎಸ್ಟೇಟ್ ಹೆಸ್ರು ತೆಗ್ದುಬಿಡು ಮಾರಾಯ್ತಿ" ಎಂದು ಪಾಠ ಹೇಳುವ ರೇವತಿ ಮೇಡಂ ಗೋಗರೆದರು. "ಅಲ್ಲೀವರೆಗೆ ನಾನು ಸಹಿ ಹಾಕ್ಬಾರ್ದಂತೆ. ನನ್ನ ಸಹಿ ಇಲ್ದೆ ನಿಂಗೆ ಡಿಗ್ರಿ ಇಲ್ಲ."

"ಇಲ್ದಿದ್ರೆ ಬೇಡ ಬಿಡಿ ಮೇಡಂ. ಹೆಸ್ರು ತೆಗಿಯಲ್ಲ."

ಶಶಿಧರ್ ಜಾಣರು. ಪ್ರಾಜೆಕ್ಟ್ ಪರಿಶೀಲಿಸಲು ಚಿಕ್ಕಮಗಳೂರಿನಿಂದ ಪರೀಕ್ಷಕರು ಬರುತ್ತಾರೆಂದು ಹಿಂದಿನ ದಿನವೇ ಪಲ್ಪರ್ ನಿಲ್ಲಿಸಿ, ಮರುದಿನ ಎಲ್ಲರನ್ನೂ ಜೀಪಿನಲ್ಲಿ ಹಳ್ಳಕ್ಕೆ ಕರೆತಂದರು. ನೀರು ತಿಳಿಯಾಗಿ ಹರಿಯುತ್ತಿತ್ತು. ಹುಸ್ನಾಳಿಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಬಿಟ್ಟು ನೀರಿಗಿಳಿದು ಒಂದು ಕಲ್ಲೆತ್ತಿ ಮಗುಚಿದಳು. ಬೋಳು. ಇನ್ನೊಂದು, ಅದೂ ಬೋಳು.

ಶಶಿಧರ್ ಅವರ ಮುಖ ಅರಳಿತು. "ನೋಡಿ ಸಾರ್, ಒಂದು ಹುಳನೂ ಇಲ್ಲ! ಅಷ್ಟು ಕ್ಲೀನ್ ಇಟ್ಟಿದೀವಿ."

ಕಾಂಡ ಕೊರೆಯುವ ಹುಳ, ಹಣ್ಣು ಕೊರೆಯುವ ಹುಳ ಎಂದು ಜೀವಮಾನವಿಡೀ ಔಷಧಿ ಹೊಡೆಸಿದವರಿಗೆ ಹುಳವಿಲ್ಲದ ಜಾಗವೇ ಸ್ವರ್ಗ. ಪರೀಕ್ಷಕರು ಮಾತ್ರ ಹುಬ್ಬು ಗಂಟಿಕ್ಕಿ, "ಪಲ್ಪರಿಗಿಂತ ಮೇಲೆ ಹೇಗಿದೆಯಮ್ಮ?" ಎಂದರು.

ಹುಸ್ನಾ ಮೇಲಕ್ಕೆ ಓಡಿ, ನೀರು ಸೋರುವ ಕಲ್ಲೊಂದನ್ನು ಹೊತ್ತು ತಂದಳು. ಅದರ ಅಡಿಯಲ್ಲಿ ಪುಟ್ಟ ಹುಳುಗಳು ಪಿತಪಿತ ಎನ್ನುತ್ತಿದ್ದವು. "ಇವು ಒಳ್ಳೆ ನೀರಲ್ಲಿ ಮಾತ್ರ ಬದುಕ್ತವೆ ಸಾರ್. ಕೆಳಗೆ ಎಲ್ಲಾ ಸತ್ತಿವೆ. ಒಂದಿನ ಪಲ್ಪರ್ ನಿಲ್ಸಿದ ಮಾತ್ರಕ್ಕೆ ವಾಪಸ್ ಬರಲ್ಲ."

ಶಶಿಧರ್ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಇಷ್ಟೊಂದಾ! ಇದಕ್ಕೆ ಏನು ಹೊಡೀಬೇಕು?"

"ಬೇರೆ ಏನೂ ಬೇಡ ಸಾರ್. ನಿಮ್ಮ ಪಲ್ಪರ್ ನೀರೇ ಸಾಕು."

ಪರೀಕ್ಷಕರು ಉಕ್ಕಿಬಂದ ನಗುವನ್ನು ಕೆಮ್ಮಿ ಮುಚ್ಚಿಕೊಂಡರು. ಶಶಿಧರ್ ಮುಖ ಕೆಂಪೇರಿತು. "ರೇವತಿಯವ್ರೇ, ಈ ಪ್ರಾಜೆಕ್ಟಿಗೆ ಸಹಿ ಬಿತ್ತು ಅಂದ್ರೆ ನಾಳೆಯಿಂದ ನೀವು ಕಾಲೇಜಿಗೆ ಬರೋದು ಬೇಡ."

ರೇವತಿ ಮೇಡಂ ಹುಸ್ನಾಳ ಚೀಲದಿಂದ ಪ್ರಾಜೆಕ್ಟ್ ಎಳೆದುಕೊಂಡು, ಶಶಿಧರ್ ಅವರದೇ ಜೀಪಿನ ಬಾನೆಟ್ ಮೇಲಿಟ್ಟು, ಅವರ ಕಣ್ಣೆದುರೇ ಸಹಿ ಹಾಕಿದರು.