ದೊರೆ ಹೋದ, ನೋಟು ಹೋಗಲಿಲ್ಲ

ಸ್ವಾತಂತ್ರ್ಯ ಬಂದು ಎರಡು ವರ್ಷವಾಗುತ್ತಾ ಬಂತು, ಸೂಳಗಿರಿ ಸುತ್ತಿನ ಹಳ್ಳಿಗಳಲ್ಲಿ ಈಗ ಒಂದೇ ಮಾತು. "ಬಿಳಿ ದೊರೆ ಹೋದ, ಅವನ ಮುಖ ಇರೋ ನೋಟೂ ಹೋಯ್ತು!" ಯಾರು ಹೇಳಿದರು ಅಂತ ಕೇಳಿ ನೋಡಿ. ಅವರು ಇವರನ್ನು ತೋರಿಸುತ್ತಾರೆ, ಇವರು ಅವರನ್ನು ತೋರಿಸುತ್ತಾರೆ. ಗಾಳಿಮಾತಿಗೆ ಅಪ್ಪ ಅಮ್ಮ ಇಲ್ಲ, ಅದರಿಂದ ಲಾಭ ತಿನ್ನುವವರು ಮಾತ್ರ ಇರುತ್ತಾರೆ. ಪಿಳ್ಳಮ್ಮನ ಮನೆಯಲ್ಲಿ ಏನಾಯಿತು, ಕೇಳಿ.

ಪಿಳ್ಳಮ್ಮನ ಒಬ್ಬನೇ ಮಗ ದಾಸಪ್ಪ ಸೈನ್ಯದ ಪಟಾಲಮ್ಮಿಗೆ ಸೇರಿ, ಬರ್ಮಾ ಗಡಿಯ ಯುದ್ಧದಲ್ಲಿ ತೀರಿಹೋದ. ಕಡೆಯ ಸಲ ರಜೆಗೆ ಬಂದಾಗ ತಾಯಿಯ ಕೈಗೆ ಹತ್ತು ರೂಪಾಯಿಯ ಕೆಲವು ನೋಟು ಕೊಟ್ಟಿದ್ದ. "ಅವ್ವಾ, ನನ್ನ ಮಗೀಗೆ ಹಾಲಿಗೆ ಅಂತ ಒಂದು ಹಸ ತಕ್ಕೊಡ್ತೀನಿ. ಮುಂದಿನ ಸಲ ಬಂದಾಗ ಸಂತೆಗೆ ಹೋಗಾನ" ಅಂದಿದ್ದ. ಬರಲೇ ಇಲ್ಲ. ಮಗನ ಕೈ ಮುಟ್ಟಿದ ನೋಟನ್ನು ಪಿಳ್ಳಮ್ಮ ಹೇಗೆ ಖರ್ಚು ಮಾಡಿಯಾಳು? ಪ್ರತಿ ಮಹಾಲಯ ಅಮಾವಾಸ್ಯೆಗೂ ಎಡೆಯ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಅತ್ತು, ಮತ್ತೆ ಮಡಕೆಯೊಳಗೆ ಇಡುತ್ತಿದ್ದಳು. ನೋಟಿನ ಮೇಲಿನ ದೊರೆಯ ಮುಖವೆಲ್ಲ ಹಳದಿಯಾಗಿಬಿಟ್ಟಿತ್ತು.

ಹೊಸ ಸುದ್ದಿ ಕೇಳಿದವಳೇ ಒಂದು ನೋಟು ಹಿಡಿದು ರಾಯಕೋಟೆ ಸಂತೆಗೆ ಓಡಿದಳು. ಅಲ್ಲಿ ಒಬ್ಬ ವ್ಯಾಪಾರಿ, "ದೊರೆ ನೋಟು, ಮೇಲೆ ಕುಂಕುಮ ಬೇರೆ. ಅರ್ಧ ಬೆಲೆಗೆ ತಕ್ಕೋತೀನಿ, ತಡ ಮಾಡಿದ್ರೆ ಅದೂ ಇಲ್ಲ" ಅಂದ. ಅರ್ಧ ದುಡ್ಡಿಗೆ ಹಸು ಎಲ್ಲಿ ಬರುತ್ತದೆ? ಸೊಸೆ ಬೈರಮ್ಮ ಬೇಡ ಅತ್ತೆ ಅಂತ ಗೋಗರೆದಳು. ಪಿಳ್ಳಮ್ಮ ಕೇಳದೆ ಎಲ್ಲ ನೋಟು ಕಟ್ಟಿಕೊಂಡು ಹೊರಟಳು. ಬೈರಮ್ಮ ಹೇಳಿಕಳಿಸಿದ್ದರಿಂದ ಪಿಳ್ಳಮ್ಮನ ತಮ್ಮ ವೆಂಕಟರಮಣಪ್ಪ ಓಡಿ ಬಂದ. ಹೊಸೂರಿನ ಸರ್ಕಾರಿ ಖಜಾನೆಯಲ್ಲಿ ಗುಮಾಸ್ತನಾಗಿದ್ದವನು ಅವನು.

"ಎತ್ತಗಕ್ಕ ಹೊಂಟೆ?"

"ರಾಯಕೋಟೆಗೆ ಕಣ್ಲಾ. ಹೋದ ದೊರೆ ನೋಟು ಮಾರಕ್ಕೆ."

"ಕೂತ್ಕೊ ಮೊದ್ಲು. ನೋಟಿಗೆ ಬೆಲೆ ದೊರೆ ಮುಖದಿಂದ ಬಂದಿದ್ದಲ್ಲ. ಇಲ್ನೋಡು, ಈ ರುಜು. ರಿಸರ್ವ್ ಬ್ಯಾಂಕಿನ ಗವರ್ನರ್ ರುಜು ಇದು. ಈ ನೋಟು ತಂದವ್ರಿಗೆ ಹತ್ತು ರೂಪಾಯಿ ಕೊಡ್ತೀನಿ ಅಂತ ಭಾಷೆ ಬರ್ದು ರುಜು ಹಾಕವ್ರೆ."

"ಗವರ್ನರ್ರಾ? ಮದ್ರಾಸಲ್ಲಿ ಅವ್ನಲ್ಲಾ, ಅವ್ನಾ?"

"ಅಯ್ಯೋ, ಅವ್ರು ಬೇರೆ. ಇವ್ರು ಬೊಂಬಾಯಲ್ಲಿರ್ತಾರೆ, ನಮ್ಮ ದೇಶದವ್ರೇ. ಆ ಕುರ್ಚಿ ಸುಮ್ಕೆ ಸಿಗಾಕಿಲ್ಲಕ್ಕ. ವರ್ಷಾನುಗಟ್ಲೆ ಕಂದಾಯ ನೋಡಿ, ಸರ್ಕಾರದ ಲೆಕ್ಕ ನೋಡಿ, ಬ್ಯಾಂಕಲ್ಲೇ ಕೆಳಗಿನ ಅಧಿಕಾರ ಮಾಡಿ ಪಳಗಿದ ಮೇಲೆ ಸರ್ಕಾರ ನೇಮಿಸ್ತದೆ."

"ಪಳಗಿ ಏನ್ ಮಾಡ್ತಾನೆ? ನೋಟು ಅಚ್ಚು ಹಾಕ್ತಾ ಕೂತಿರ್ತಾನಾ?"

"ಇಷ್ಟ ಬಂದಂಗೆ ಅಚ್ಚು ಹಾಕಂಗಿಲ್ಲ, ಅದೇ ಅವ್ರ ಕಷ್ಟ. ನೀನು ಸಾರಿಗೆ ನೀರು ಸುರೀತಾನೇ ಹೋದ್ರೆ?"

"ಸಾರು ಕೆಟ್ಟೋಯ್ತದೆ."

"ನೋಟು ಜಾಸ್ತಿ ಆದ್ರೂ ಅಂಗೇಯ. ರಾಗಿ ಬೆಲೆ ಏರ್ತದೆ, ಯುದ್ಧದಾಗೆ ನೋಡ್ಲಿಲ್ವಾ? ಕಮ್ಮಿ ಆದ್ರೆ ಯಾಪಾರ ನಿಂತೋಯ್ತದೆ. ಆ ಹದ ಕಾಯೋದು ಅವ್ರ ಕೆಲ್ಸ. ನೋಟಿಗೆ ತಕ್ಕಂಗೆ ಚಿನ್ನ, ಸರ್ಕಾರದ ಸಾಲಪತ್ರ ಎತ್ತಿಟ್ಟಿರ್ಬೇಕು. ಸರ್ಕಾರದ ದುಡ್ಡು ಕಾಪಾಡ್ಬೇಕು. ಬೇರೆ ಬ್ಯಾಂಕುಗಳ್ಗೆ ಕಷ್ಟ ಬಂದ್ರೂ ಅವ್ರೇ ದಿಕ್ಕು."

"ಮತ್ತೆ ಯುದ್ಧ ಮುಗಿದ್ಮೇಲೆ ಸಾವ್ಕಾರ್ರ ಸಾವಿರ ರೂಪಾಯಿ ನೋಟು ರದ್ದಾಗ್ಲಿಲ್ವಾ?"

"ಆಯ್ತು. ಆದ್ರೆ ಸರ್ಕಾರ ಸಾರಿ ಹೇಳ್ತು, ಬದಲಾಯ್ಸಕ್ಕೆ ದಿನ ಕೊಡ್ತು. ಸಂತೇಲಿ ಕಿವಿ ಕಚ್ಚಲಿಲ್ಲ."

ಪಿಳ್ಳಮ್ಮ ನೋಟುಗಳನ್ನು ಎದೆಗೆ ಒತ್ತಿಕೊಂಡಳು.

"ಭಾಷೆ, ಭಾಷೆ ಅಂತೀಯ. ನನ್ನ ಮಗನೂ ಭಾಷೆ ಕೊಟ್ಟಿದ್ದ. ಎಲ್ಲವ್ನೆ? ಮನುಷ್ಯನೇ ಹೋದ್ಮೇಲೆ ಭಾಷೆ ಯಾರ್ ನಡೆಸ್ತಾರ್ಲಾ?"

ದಾಸಪ್ಪನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು ವೆಂಕಟರಮಣಪ್ಪನೇ. ಕಣ್ಣೊರೆಸಿಕೊಂಡು ಹೇಳಿದ: "ಅದಕ್ಕೇ ಕಣಕ್ಕ, ಇದು ಒಬ್ಬ ಮನುಷ್ಯನ ಭಾಷೆ ಅಲ್ಲ. ಆ ಜಾಗದ ಭಾಷೆ. ರುಜು ಹಾಕಿದವ್ರು ಇಳಿದೋದ್ರೂ ಆಮೇಲೆ ಬಂದವ್ರು ನಡೆಸ್ಲೇಬೇಕು. ನಂದಲ್ಲ ಅನ್ನಂಗಿಲ್ಲ. ಈ ವರ್ಷ ಸಂಕ್ರಾಂತಿಗೆ ಮುಂಚೆ ಬ್ಯಾಂಕೇ ಪೂರ್ತಿ ಸರ್ಕಾರದ್ದಾಯ್ತು, ಆದ್ರೂ ಹಳೇ ಭಾಷೆ ಅಂಗೇ ಐತೆ. ಅರಿಶಿನ ಹತ್ತಿದ್ರೇನು, ನಂಬರು ಕಾಣ್ತದೆ, ರುಜು ಕಾಣ್ತದೆ. ನಡಿ ಹೊಸೂರಿಗೆ."

ಹೋದರು. ಖಜಾನೆಯ ಅಧಿಕಾರಿ ನೋಟು ತಿರುಗಿಸಿ ನೋಡಿ, "ಎನ್ನಮ್ಮಾ, ರಾಜಾವುಕ್ಕು ಪೂಜೆಯಾ?" ಅಂತ ತಮಿಳಿನಲ್ಲಿ ನಕ್ಕರು.

"ರಾಜನಿಗಲ್ಲ ಸಾಮಿ, ನನ್ನ ಮಗನಿಗೆ" ಅಂದಳು ಪಿಳ್ಳಮ್ಮ.

ಅಧಿಕಾರಿಯ ನಗು ನಿಂತಿತು. ಒಂದು ಕಾಸೂ ಕಡಿಮೆ ಮಾಡದೆ ಪೂರ್ತಿ ಬೆಲೆ ಎಣಿಸಿ ಕೈಗಿಟ್ಟರು. ಹಳೆಯ ನೋಟುಗಳನ್ನು ಕಣ್ಣಿಗೊತ್ತಿಕೊಂಡು ಪಿಳ್ಳಮ್ಮ ಬಿಟ್ಟುಕೊಟ್ಟಳು.

ಮುಂದಿನ ಸಂತೆಯಲ್ಲೇ ಹಸು ಬಂತು. ಬೈರಮ್ಮ ಮೆಲ್ಲಗೆ ಕೇಳಿದಳು: "ಅವ್ರು ಮುಟ್ಟಿದ್ದ ನೋಟು ಹೋಯ್ತಲ್ಲತ್ತೆ, ಸಂಕಟ ಆಗಾಕಿಲ್ವಾ?"

"ಆಯ್ತದೆ ಕಣವ್ವ. ಆದ್ರೆ ಅವ್ನ ಜಾಗದಾಗೆ ಈಗ ನಾನಿವ್ನಿ. ಅವ್ನು ಕೊಟ್ಟ ಭಾಷೆ ನಾನು ನಡೆಸ್ಬೇಕಲ್ವಾ?" ಅನ್ನುತ್ತಾ ಪಿಳ್ಳಮ್ಮ ಮೊಮ್ಮಗಳಿಗೆ ಹಾಲಿನ ಲೋಟ ಹಿಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಡಕೆಯಲ್ಲೂ ಅಂಥ ನೋಟು ಇದ್ದೀತು. ಗಾಳಿಮಾತಿಗೆ ಹೆದರಬೇಡಿ. ಅನುಮಾನ ಬಂದರೆ ಖಜಾನೆಗೆ ಹೋಗಿ ಕೇಳಿ, ಕೇಳುವುದಕ್ಕೆ ಸುಂಕವಿಲ್ಲ. ಅರ್ಧ ಬೆಲೆಗೆ ಕೊಳ್ಳಲು ಬಂದವನಿಗೆ ಮಾತ್ರ ಈ ಒಂದು ಪ್ರಶ್ನೆ ಹಾಕಿ: "ಸತ್ತ ನೋಟು ನಿನಗ್ಯಾಕಪ್ಪಾ?"