ಆಗ್ನೇಯ ಮೂಲೆಯ ಪೆಟ್ಟಿಗೆ

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಕಮಲಾಕ್ಷಿ ಎನ್‌ಕ್ಲೋಷರ್ಸ್‌ಗೆ ನಾನು ಮೊದಲ ಸಲ ಹೋದ ದಿನ ಓನರ್ ಶಂಭುಲಿಂಗಪ್ಪನವರು ನನ್ನನ್ನು ದಾಟಿ ಬಾಗಿಲ ಕಡೆ ಎರಡು ಸಲ ನೋಡಿದರು.

"ಸಾರ್ ಬರ್ಲಿಲ್ವೇನಮ್ಮ?"

"ಸಾರ್ ಇಲ್ಲ. ನಾನೇ ವಚನಾ. ಫೋನಲ್ಲಿ ಮಾತಾಡಿದ್ದೂ ನಾನೇ."

ಹನ್ನೊಂದು ವರ್ಷದಿಂದ ಕಾರ್ಖಾನೆಯ ಯಂತ್ರಗಳಿಗೆ ವೈರ್ ಎಳೆದು ಪ್ರೋಗ್ರಾಂ ಬರೆಯುವ ಕೆಲಸ ಮಾಡುತ್ತಿದ್ದೇನೆ. ಹನ್ನೊಂದು ವರ್ಷದಿಂದಲೂ ಯಾರೋ ಒಬ್ಬ ಸಾರ್ ನನ್ನ ಹಿಂದೆ ಬರಬೇಕಾಗಿದೆ. ಪಾಪ, ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಇನ್ನೂ ಬಿಡಿಸಿಕೊಂಡಿಲ್ಲ. ಶಂಭುಲಿಂಗಪ್ಪನವರು ಹಣೆಯ ವಿಭೂತಿ ಮುಟ್ಟಿ ನೋಡಿಕೊಂಡು, ನನ್ನ ಊರು, ತಂದೆಯ ಹೆಸರು, ತಾಯಿಯ ತವರು ಎಲ್ಲ ವಿಚಾರಿಸಿ, ನಾನು ದಾವಣಗೆರೆಯವಳೆಂದು ತಿಳಿದ ಮೇಲೆ ಚಹಾ ತರಿಸಿದರು. ಮೂವತ್ತು ವರ್ಷದ ಹಿಂದೆ ತಾಯಿಯ ಹೆಸರಿನಲ್ಲಿ ಶುರು ಮಾಡಿದ ಕಾರ್ಖಾನೆ ಅದು. ನನ್ನ ಓದಿನ ಬಗ್ಗೆ ಮಾತ್ರ ಅವರು ಏನೂ ಕೇಳಲಿಲ್ಲ.

ಅಲ್ಲಿ ತಯಾರಾಗುವುದು ಕರೆಂಟ್ ಬೋರ್ಡುಗಳನ್ನು ಕೂರಿಸುವ ಕಬ್ಬಿಣದ ಖಾಲಿ ಪೆಟ್ಟಿಗೆಗಳು. ತಗಡು ಮಡಚಿ, ಬೆಸುಗೆ ಹಾಕಿ, ತೊಟ್ಟಿಯಲ್ಲಿ ಅದ್ದಿ ಜಿಡ್ಡು ತೊಳೆದು, ಗಾಳಿ ಊದಿ ಒಣಗಿಸುತ್ತಾರೆ. ಆಮೇಲೆ ಬಣ್ಣದ ಪುಡಿ ಹಾರಿಸಿ ಓವನ್ನಿನಲ್ಲಿ ಬೇಯಿಸುತ್ತಾರೆ. ಕೊನೆಗೆ ಪ್ಯಾಕಿಂಗ್. ತೊಳೆಯಲು ಒಂದು ಯಂತ್ರ, ಬಣ್ಣಕ್ಕೆ ಒಂದು, ಪ್ಯಾಕಿಂಗಿಗೆ ಒಂದು. ಪ್ರತಿಯೊಂದರ ಒಳಗೂ ಪಿ.ಎಲ್.ಸಿ. ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. ಯಾವ ಸಿಗ್ನಲ್ ಬಂದರೆ ಯಾವ ಮೋಟಾರು ತಿರುಗಬೇಕೆಂದು ನಮ್ಮಂಥವರು ಬರೆದಿಟ್ಟಿದ್ದನ್ನು ಅದು ಎದುರುಮಾತಿಲ್ಲದೆ ಮಾಡುತ್ತದೆ. ಕಮಲಾಕ್ಷಿಯ ಮೂರು ಯಂತ್ರಗಳನ್ನು ಹದಿನಾಲ್ಕು ವರ್ಷದ ಹಿಂದೆ ಮೂರು ಬೇರೆ ಕಂಪನಿಗಳಿಂದ ಕೊಂಡಿದ್ದರು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ಸೂರಿನಡಿ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ತಮ್ಮ ಪಾಡಿಗೆ ತಾವು ಓಡುತ್ತಿದ್ದವು.

ಹಾಗಾದರೆ ಹದಿನಾಲ್ಕು ವರ್ಷ ಕೆಲಸ ನಡೆದದ್ದು ಹೇಗೆ? ತೊಳೆಯುವ ಯಂತ್ರಕ್ಕೂ ಬಣ್ಣದ ಯಂತ್ರಕ್ಕೂ ನಡುವೆ ಒಂದು ಸ್ಟೂಲು ಇತ್ತು. ಸ್ಟೂಲಿನ ಮೇಲೆ ಕುಸುಮಕ್ಕ ಇದ್ದಳು. ಈ ಕಡೆ ಕೆಂಪು ದೀಪ ಹತ್ತಿದರೆ ಎದ್ದು ಹೋಗಿ ಆ ಕಡೆಯ ಹಸಿರು ಬಟನ್ ಒತ್ತುತ್ತಿದ್ದಳು, ಪ್ಯಾಕಿಂಗಿನವರಿಗೆ ಕೂಗಿ ಹೇಳುತ್ತಿದ್ದಳು. ಕಾರ್ಖಾನೆಯ ನೆಟ್‌ವರ್ಕ್ ಎಂದರೆ ಅವಳೇ.

ಈಗ ದೊಡ್ಡ ಗಿರಾಕಿಯೊಬ್ಬರು ಪಟ್ಟು ಹಿಡಿದಿದ್ದರು. ಎಲ್ಲ ಯಂತ್ರಗಳೂ ಒಂದೇ ಜಾಲದಲ್ಲಿರಬೇಕು, ಎಷ್ಟು ಪೆಟ್ಟಿಗೆ ಎಲ್ಲಿದೆ ಎಂದು ಸ್ಕ್ರೀನಿನಲ್ಲಿ ಕಾಣಬೇಕು, ಮೇ ತಿಂಗಳಲ್ಲಿ ಬಂದು ನೋಡುತ್ತೇವೆ ಎಂದಿದ್ದರು. ಮೂರಕ್ಕೂ ದುಭಾಷಿಯಂತೆ ಕೆಲಸ ಮಾಡುವ ನಾಲ್ಕನೆಯ ಪಿ.ಎಲ್.ಸಿ.ಯೊಂದನ್ನು ಕೂರಿಸುವುದು ನನ್ನ ಕೆಲಸವಾಗಿತ್ತು.

ವೈರ್ ಎಳೆಯುವ ಮೊದಲು, ಸದ್ಯಕ್ಕೆ ಆ ಕೆಲಸ ಮಾಡುತ್ತಿರುವ ಮನುಷ್ಯರನ್ನು ಗಮನಿಸಬೇಕು. ಎರಡು ದಿನ ಕುಸುಮಕ್ಕನ ಪಕ್ಕ ಕೂತು ಅವಳು ಮಾಡುವುದನ್ನೆಲ್ಲ ಬರೆದುಕೊಂಡೆ. ಅವಳು ಏನನ್ನೂ ಮುಚ್ಚಿಡದೆ ಹೇಳಿಕೊಟ್ಟಳು, ಮಧ್ಯಾಹ್ನ ಚಿತ್ರಾನ್ನದಲ್ಲಿ ಅರ್ಧ ಪಾಲು ಕೊಟ್ಟಳು. ಬಟನ್ ಒತ್ತುವ ಮೊದಲು, ಮಗುವಿಗೆ ಜ್ವರವಿದೆಯೇ ಎಂದು ನೋಡುವಂತೆ ಒಂದು ಪೆಟ್ಟಿಗೆಗೆ ಹಿಂಗೈ ತಾಗಿಸುತ್ತಿದ್ದಳು. ಏನೋ ಅಭ್ಯಾಸವಿರಬೇಕು ಎಂದುಕೊಂಡೆ. ಅದನ್ನು ಮಾತ್ರ ಬರೆದುಕೊಳ್ಳಲಿಲ್ಲ.

"ಮೇಡಂ, ಇದೆಲ್ಲ ಆದ್ಮೇಲೆ ನಾನೆಲ್ಲಿ ಕೂತ್ಕೊಳ್ಳೋದು?" ಎಂದು ಎರಡನೆಯ ದಿನ ಕೇಳಿದಳು.

"ಬೇರೆ ಕಡೆ ಹಾಕ್ತಾರೆ ಬಿಡಿ ಅಕ್ಕ."

"ಎಲ್ಲಿ ಹಾಕಿದ್ರೂ ಪರವಾಗಿಲ್ಲ. ಇ.ಎಸ್.ಐ. ಕಾರ್ಡ್ ಒಂದು ಉಳ್ಕೊಂಡ್ರೆ ಸಾಕು. ನಮ್ಮನೆಯವರಿಗೆ ಮಂಗಳವಾರ, ಶನಿವಾರ ಡಯಾಲಿಸಿಸ್."

ಅವಳ ಗಂಡ ಬಿನ್ನಿಪೇಟೆಯಲ್ಲಿ ಆಟೋ ಓಡಿಸುತ್ತಿದ್ದವನು. ಎರಡು ವರ್ಷದ ಹಿಂದೆ ಮೂತ್ರಪಿಂಡ ಕೈಕೊಟ್ಟಿತ್ತು. ಇ.ಎಸ್.ಐ. ಆಸ್ಪತ್ರೆ ಕಾರ್ಖಾನೆಯಿಂದ ಕೂಗಳತೆಯ ದೂರ, ಅವಳ ಕೆಲಸದ ಕಾರ್ಡಿನ ಮೇಲೆ ಅವನ ಚಿಕಿತ್ಸೆ. ಕೆಲಸ ಹೋದರೆ ಕಾರ್ಡಿಗೆ ಇನ್ನು ಕೆಲವು ತಿಂಗಳಷ್ಟೇ ಆಯಸ್ಸು. ಬೇರೆ ಕಡೆ ಹಾಕುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕೊಟ್ಟ ಕೊಟೇಶನ್ನಿನಲ್ಲೇ 'ಒಬ್ಬ ಆಪರೇಟರ್ ಉಳಿತಾಯ' ಎಂದು ಬರೆದಿದ್ದೆ. ನಾನು ಸುಳ್ಳು ಹೇಳಿದೆ, ಅವಳ ಚಿತ್ರಾನ್ನ ತಿನ್ನುತ್ತಲೇ ಹೇಳಿದೆ.

ನಾಲ್ಕನೆಯ ಪಿ.ಎಲ್.ಸಿ.ಯ ಪೆಟ್ಟಿಗೆ ಎಲ್ಲಿಡಬೇಕೆಂಬ ಪ್ರಶ್ನೆ ಬಂತು. ಉತ್ತರದ ಗೋಡೆ ತಂಪು, ವೈರಿಗೂ ಹತ್ತಿರ ಎಂದೆ. ಶಂಭುಲಿಂಗಪ್ಪನವರು ಬಸವೇಶ್ವರನಗರದಿಂದ ವಾಸ್ತು ನೋಡುವ ಮೋಹನ್ ಕುಮಾರ್ ಎಂಬವರನ್ನು ಕರೆಸಿದರು. ಅವರು ಹತ್ತು ಟನ್ ಕಬ್ಬಿಣದ ತಗಡಿನ ಮಧ್ಯೆ ನಿಂತು ಮೊಬೈಲಿನ ದಿಕ್ಸೂಚಿ ನೋಡಿದರು. ಕಬ್ಬಿಣದ ಹತ್ತಿರ ದಿಕ್ಸೂಚಿ ತಪ್ಪು ತೋರಿಸುತ್ತದೆ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

"ಉತ್ತರ ಕುಬೇರನ ಜಾಗ. ಕರೆಂಟ್ ಅಂದ್ರೆ ಅಗ್ನಿ. ಅಗ್ನಿ ಇರ್ಬೇಕಾದ್ದು ಆಗ್ನೇಯದಲ್ಲಿ" ಎಂದರು ಮೋಹನ್ ಕುಮಾರ್.

"ಆಗ್ನೇಯದಲ್ಲಿ ಓವನ್ ಇದೆ ಸಾರ್. ಆ ಗೋಡೆ ಮುಟ್ಟೋಕಾಗಲ್ಲ, ಅಷ್ಟು ಕಾದಿರುತ್ತೆ."

"ನೋಡಿ, ಅಗ್ನಿ ಆಗಲೇ ಬಂದು ಕೂತಿದೆ. ಅದರ ಪಕ್ಕದಲ್ಲೇ ಇಡಿ."

ಇಟ್ಟೆ. ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳ ಒಡೆದರು. ಮಾರ್ಚ್ ಕೊನೆಯ ವಾರ ಮೂರು ಯಂತ್ರಗಳೂ ಮಾತಾಡತೊಡಗಿದವು. ತೊಳೆದು ಮುಗಿದ ಕೂಡಲೇ ಬಣ್ಣದ ಯಂತ್ರ ತಾನಾಗಿ ಹೊರಡುತ್ತಿತ್ತು, ಸ್ಕ್ರೀನಿನ ತುಂಬ ಹಸಿರು ಗೆರೆಗಳು. ಹಳೆಯ ಹಸಿರು ಬಟನ್ನನ್ನು ಬಿಚ್ಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಏಪ್ರಿಲ್ ಒಂದರಿಂದ ಬರುವುದು ಬೇಡವೆಂದು ಕುಸುಮಕ್ಕನಿಗೆ ಹೇಳಿದರು. ಸ್ಟೂಲನ್ನು ವಾಚ್‌ಮನ್‌ಗೆ ಕೊಟ್ಟರು.

ಏಪ್ರಿಲ್ ಮೂರರ ಮಧ್ಯಾಹ್ನ ಎರಡು ಗಂಟೆಗೆ ಫೋನ್ ಬಂತು. ಎಲ್ಲ ನಿಂತುಹೋಗಿದೆ ಎಂದರು. ಮೇಲೆ ಬಿಸಿಲಿಗೆ ಕಾದ ಸೂರಿನ ಶೀಟು, ಪಕ್ಕದಲ್ಲಿ ಓವನ್. ಪೆಟ್ಟಿಗೆಯ ಒಳಗೆ ಅರವತ್ತೆಂಟು ಡಿಗ್ರಿ ಇತ್ತು. ದುಭಾಷಿ ಬಾಯಿ ಮುಚ್ಚಿಕೊಂಡಿದ್ದ, ಮೂರೂ ಯಂತ್ರಗಳು ಅವನ ಅಪ್ಪಣೆಗೆ ಕಾಯುತ್ತ ನಿಂತಿದ್ದವು. ಮೊದಲಾಗಿದ್ದರೆ ಕುಸುಮಕ್ಕ ಎದ್ದು ಹೋಗಿ ಬಟನ್ ಒತ್ತುತ್ತಿದ್ದಳು. ಈಗ ಒತ್ತುವವಳೂ ಇಲ್ಲ, ಬಟನ್ನೂ ಇಲ್ಲ. ಆಮೇಲೆ ದಿನಾ ಎರಡಕ್ಕೆ ಹೀಗೇ ಆಯಿತು. ನಾನು ದಿನಾ ವಿಜಯನಗರದಿಂದ ಓಡಿ ಬಂದು, ಬಾಗಿಲು ತೆರೆದು, ಟೇಬಲ್ ಫ್ಯಾನ್ ಇಟ್ಟು ಅದನ್ನು ಎಬ್ಬಿಸುತ್ತಿದ್ದೆ.

"ಜಾಗ ಬದಲಾಯಿಸೋಣ ಸಾರ್. ಇಲ್ಲಾಂದ್ರೆ ಪೆಟ್ಟಿಗೆಗೆ ಚಿಕ್ಕ ಎ.ಸಿ. ಹಾಕೋಣ."

"ಎ.ಸಿ.ಯಿಂದ ನೀರು ತೊಟ್ಟಿಕ್ಕುತ್ತಲ್ಲಮ್ಮ. ಅಗ್ನಿ ಮೂಲೇಲಿ ನೀರು ಬೀಳಬಾರದಂತೆ."

"ವಾಯವ್ಯಕ್ಕಾದ್ರೂ ಹಾಕ್ಬಹುದಾ, ಕೇಳಿ."

"ಕೇಳ್ದೆ. ಹಾಕ್ಬಹುದಂತೆ. ಆದ್ರೆ ಅಲ್ಲಿ ಟಾಯ್ಲೆಟ್ ಇದೆ."

ನನಗೆ ಮೈಯೆಲ್ಲ ಉರಿಯಿತು. ಮೂರನೆಯ ವಾರ ಅಲ್ಲಿಂದ ಹೊರಬಂದು ಇ.ಎಸ್.ಐ. ಆಸ್ಪತ್ರೆಯ ಮುಂದೆ ಹೋಗುವಾಗ ಕುಸುಮಕ್ಕ ಕಂಡಳು. ಗಂಡನನ್ನು ತೋಳು ಹಿಡಿದು ಆಟೋ ಹತ್ತಿಸುತ್ತಿದ್ದಳು. ನನ್ನನ್ನು ನೋಡಿ ನಕ್ಕು, "ಮಿಷಿನ್ನುಗಳು ಚೆನ್ನಾಗಿ ಓಡ್ತಾ ಇದಾವಾ ಮೇಡಂ?" ಎಂದು ಕೇಳಿದಳು. ಒಂದು ಬೈಗುಳ ಬಂದಿದ್ದರೆ ಹಗುರಾಗುತ್ತಿತ್ತು. ಅವಳು ನಿಜವಾಗಿಯೂ ಯಂತ್ರಗಳನ್ನು ವಿಚಾರಿಸುತ್ತಿದ್ದಳು. ನನಗೆ ನಾಚಿಕೆಯಾಯಿತು.

ಆ ಭಾನುವಾರ ಕಾರ್ಖಾನೆಗೆ ರಜೆ. ನಾನೊಬ್ಬಳೇ ಹೋಗಿ ನಾಲ್ಕನೆಯ ಪಿ.ಎಲ್.ಸಿ.ಯನ್ನು ಆಗ್ನೇಯದಿಂದ ಬಿಚ್ಚಿ, ತೊಳೆಯುವ ಯಂತ್ರದ ಪೆಟ್ಟಿಗೆಯಲ್ಲಿದ್ದ ಖಾಲಿ ಜಾಗದಲ್ಲಿ ಕೂರಿಸಿದೆ. ಅಲ್ಲಿ ಮೂವತ್ತಾರು ಡಿಗ್ರಿ. ಆಗ್ನೇಯದ ಪೆಟ್ಟಿಗೆಯನ್ನು ಹಾರ ಕುಂಕುಮದ ಸಮೇತ ಅಲ್ಲೇ ಬಿಟ್ಟೆ. ಒಳಗೆ ಏನೂ ಇಲ್ಲ. ಬಾಗಿಲಿನ ಮೇಲೆ ಕೆಂಪು, ಹಳದಿ ಎರಡು ದೀಪ ಹಾಕಿದೆ. ಆಮೇಲೆ ಬ್ಯಾಗಿನಿಂದ ಆ ಹಸಿರು ಬಟನ್ ತೆಗೆದು ಅದನ್ನೂ ಕೂರಿಸಿದೆ.

ಸೋಮವಾರ ಶಂಭುಲಿಂಗಪ್ಪನವರ ಮುಂದೆ ನಿಂತು, ನನ್ನ ಓದಿಗೆ ಮನಸ್ಸಿನಲ್ಲೇ ಕೈಮುಗಿದು ಹೇಳಿದೆ.

"ಸಾರ್, ಮನೇಲೂ ಅಡುಗೆಮನೆ ಆಗ್ನೇಯದಲ್ಲೇ ಅಲ್ವಾ? ಅಲ್ಲಿ ಹೆಣ್ಣುಮಗಳು ನಿಲ್ದೆ ಒಲೆ ನಡೆಯುತ್ತಾ? ಈ ಅಗ್ನಿಗೂ ಒಬ್ಬರು ಬೇಕು. ಪ್ರತಿ ಸಲ ಯಾರಾದ್ರೂ ಈ ಬಟನ್ ಒತ್ತಿದ್ರೆ ಇದು ನಿಲ್ಲಲ್ಲ."

ನಮ್ಮ ಅಜ್ಜಿ ಕೇಳಿಸಿಕೊಂಡಿದ್ದರೆ ಸಂತೋಷಪಡುತ್ತಿದ್ದ ಆ ಮಾತನ್ನು ಹೇಳಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಶಂಭುಲಿಂಗಪ್ಪನವರು ಕೂಡಲೇ ಮೋಹನ್ ಕುಮಾರ್‌ಗೆ ಫೋನ್ ಮಾಡಿದರು. ಅದನ್ನೇ ನಾನೂ ಹೇಳಬೇಕೆಂದಿದ್ದೆ ಎಂದು ಅವರು ಅತ್ತ ಕಡೆಯಿಂದ ಅಂದರಂತೆ. ಹೊಸಬರನ್ನು ತರುವುದಕ್ಕಿಂತ ಹಳಬಳೇ ಇರಲಿ ಎಂದೆ. ಮಂಗಳವಾರ ಬಿಟ್ಟು ಬುಧವಾರ ಕುಸುಮಕ್ಕ ಬಂದಳು. ವಾಚ್‌ಮನ್ ಹತ್ತಿರ ಜಗಳವಾಡಿ ಸ್ಟೂಲು ವಾಪಸು ತೆಗೆದುಕೊಂಡಳು. ಅವಳಿಗಾಗಿ ಟೇಬಲ್ ಫ್ಯಾನ್ ಅಲ್ಲೇ ಇರಲಿ ಎಂದು ಹೇಳಿದೆ.

ಬಟನ್ನಿನ ವೈರು ನೆಟ್‌ವರ್ಕಿಗೆ ಹೋಗಿರಲಿಲ್ಲ. ಒತ್ತಿದರೆ ಮೇಲಿನ ಹಳದಿ ದೀಪ ಹತ್ತುತ್ತಿತ್ತು, ಅಷ್ಟೇ. ನನ್ನ ಲೈನು ಅಷ್ಟು ಚೆನ್ನಾಗಿ ಓಡುವಾಗ ಮಧ್ಯೆ ಒಂದು ಕೈ ಬಂದು ಅದರ ವೇಗ ತಗ್ಗಿಸುವುದು ನನಗೆ ಇಷ್ಟವಿರಲಿಲ್ಲ. ಅವಳಿಗೆ ಕಾರ್ಡು ಉಳಿಯಿತು, ನನಗೆ ವೇಗ ಉಳಿಯಿತು, ಓನರ್‌ಗೆ ವಾಸ್ತು ಉಳಿಯಿತು. ನಾನು ಬಹಳ ಜಾಣೆ ಎಂದು ನನಗನ್ನಿಸಿತ್ತು. ಮೇ ತಿಂಗಳಲ್ಲಿ ಗಿರಾಕಿಯ ಕಡೆಯವರು ಬಂದು ಸ್ಕ್ರೀನ್ ನೋಡಿ ತಲೆದೂಗಿ, ಆ ಖಾಲಿ ಪೆಟ್ಟಿಗೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದರು.

ಜೂನ್ ಎರಡನೆಯ ವಾರ ಬಿಲ್ಲಿಗೆ ಸಹಿ ಹಾಕಿಸಲು ಹೋದಾಗ ಕುಸುಮಕ್ಕ ನನ್ನನ್ನು ಓವನ್ನಿನ ಹಿಂದಕ್ಕೆ ಕರೆದಳು. ದನಿ ತಗ್ಗಿಸಿ ಮಾತಾಡಿದಳು.

"ಈ ಪೆಟ್ಟಿಗೆ ಒಳಗೆ ಏನೂ ಇಲ್ಲ ಅಲ್ವಾ ಮೇಡಂ?"

"ಯಾರು ಹೇಳಿದ್ರು?"

ಅವಳು ಬೆರಳ ಗೆಣ್ಣಿನಿಂದ ಪೆಟ್ಟಿಗೆಯನ್ನು ತಟ್ಟಿದಳು. "ಹದಿನಾಲ್ಕು ವರ್ಷದಿಂದ ಖಾಲಿ ಪೆಟ್ಟಿಗೆ ಮಾಡೋ ಕಡೆ ಇದೀನಿ. ಖಾಲಿ ಯಾವುದು ಅಂತ ಗೊತ್ತಾಗಲ್ವಾ? ಹೋದ ಮಂಗಳವಾರ ಆಸ್ಪತ್ರೆಯಿಂದ ಫೋನ್ ಬಂತು, ಮಾತಾಡ್ತಾ ಮೂರು ಸಲ ಬಟನ್ ಒತ್ತೋದು ಮರ್ತೆ. ಲೈನ್ ಓಡ್ತಾನೇ ಇತ್ತು."

"ಯಾರಿಗೂ ಹೇಳ್ಬೇಡಿ ಅಕ್ಕ. ನಿಮ್ಮ ಕಾರ್ಡ್ ಉಳೀಲಿ ಅಂತ ಮಾಡಿದ್ದು" ಎಂದೆ.

"ಗೊತ್ತು. ನೀವು ಒಳ್ಳೇದಕ್ಕೇ ಮಾಡಿದ್ರಿ. ಆದ್ರೆ ಮಕ್ಕಳಿಗೆ ಆಟದ ಸ್ಟೇರಿಂಗ್ ಕೊಟ್ಟು ಕೂರಿಸ್ದಂಗೆ ಕೂರಿಸಿದೀರಲ್ಲ ನನ್ನ. ಒತ್ತದಿದ್ರೆ ನಿಲ್ಲೋ ಹಾಗೆ ಮಾಡಿ."

"ಸುಮ್ನೆ ಯಾಕೆ ನಿಲ್ಲಿಸ್ಬೇಕು?"

"ಸುಮ್ನೆ ಅಲ್ಲ, ಬನ್ನಿ ಇಲ್ಲಿ."

ಪ್ಯಾಕಿಂಗಿನ ಹಿಂದೆ ಟಾರ್ಪಾಲು ಎತ್ತಿ ತೋರಿಸಿದಳು. ಕೆಳಗೆ ನಲವತ್ತಕ್ಕೂ ಹೆಚ್ಚು ಪೆಟ್ಟಿಗೆಗಳು, ಎಲ್ಲದರ ಮೂಲೆಯಲ್ಲೂ ಬಣ್ಣ ಗುಳ್ಳೆ ಎದ್ದಿತ್ತು.

"ಗಾಳಿ ಊದೋದು ಏಳೇ ನಿಮಿಷ. ಈಗ ಮಳೆಗಾಲ, ಹವಾ ತೇವ, ತಗಡಿನ ಮಡಿಕೆ ಒಳಗೆ ನೀರು ನಿಂತಿರುತ್ತೆ. ಓವನ್ನಲ್ಲಿ ಅದು ಕುದ್ದು ಬಣ್ಣ ಗುಳ್ಳೆ ಏಳುತ್ತೆ. ನಿಮ್ಮ ವೈರು ಏಳು ನಿಮಿಷ ಆಯ್ತು ಅಂತ ಕಳಿಸ್ಬಿಡುತ್ತೆ. ನಾನು ಮೊದ್ಲು ಮುಟ್ಟಿ ನೋಡಿ ಒಣಗಿದ್ರೆ ಮಾತ್ರ ಒತ್ತುತಿದ್ದೆ. ನೀವು ನೋಡಿದ್ರಲ್ಲ, ಪಕ್ಕದಲ್ಲೇ ಕೂತು."

ಸ್ಕ್ರೀನಿನಲ್ಲಿ ಎಲ್ಲ ಹಸಿರಾಗಿಯೇ ಇತ್ತು. ಎಷ್ಟು ಪೆಟ್ಟಿಗೆ, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಎಂದು ಅದು ತೋರಿಸುತ್ತಿತ್ತು. ಒಣಗಿದೆಯೇ ಎಂದು ನಾನು ಅದನ್ನು ಕೇಳಿರಲೇ ಇಲ್ಲ. ಎರಡು ದಿನ ನೋಡಿ, ಪುಟಗಟ್ಟಲೆ ಬರೆದು, ಬರೆಯಬೇಕಾದ ಒಂದೇ ಒಂದನ್ನು ಬಿಟ್ಟಿದ್ದೆ. ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಕೊಂಡ ಆ ಸಾರ್ ಬಂದಿದ್ದರೂ ಇದಕ್ಕಿಂತ ಹೆಚ್ಚು ದಡ್ಡತನ ಮಾಡುತ್ತಿರಲಿಲ್ಲ.

ಅಂದು ಸಂಜೆಯೇ ಹಸಿರು ಬಟನ್ನಿನ ವೈರನ್ನು ನಾಲ್ಕನೆಯ ಪಿ.ಎಲ್.ಸಿ.ಗೆ ಎಳೆದೆ. ತೊಳೆಯುವ ಯಂತ್ರ ಮುಗಿಸಿತು ಎಂದರೆ ಸಾಲದು, ಬಟನ್ನೂ ಒತ್ತಿರಬೇಕು ಎಂಬ ಒಂದು ಸಾಲು ಬರೆದೆ. ಬಟನ್ನನ್ನು ಆಗ್ನೇಯದಿಂದ ತೆಗೆದು, ಮೊದಲು ಎಲ್ಲಿತ್ತೋ ಅಲ್ಲೇ, ಪೆಟ್ಟಿಗೆಗಳು ಕೈಗೆಟುಕುವ ಹಾಗೆ ಹಾಕಿದೆ. ಸ್ಟೂಲು ಅಲ್ಲಿಗೆ ಬಂತು. ಹಾರ ಹಾಕಿಸಿಕೊಂಡ ಖಾಲಿ ಪೆಟ್ಟಿಗೆ ಮೂಲೆಯಲ್ಲೇ ಉಳಿಯಿತು, ಓನರ್‌ಗೆ ಅಷ್ಟೇ ಸಾಕಾಗಿತ್ತು. ಕುಸುಮಕ್ಕ ಅದರಲ್ಲಿ ಊಟದ ಡಬ್ಬಿ ಇಡತೊಡಗಿದಳು. ಅನ್ನ ಬಿಸಿಯಾಗಿಯೇ ಇರುತ್ತದಂತೆ.

ಮಾರನೆಯ ದಿನ ಮಧ್ಯಾಹ್ನ ವಿಜಯನಗರದ ಮಾರ್ಕೆಟ್ಟಿನಲ್ಲಿ ಹೀರೇಕಾಯಿ ಆರಿಸುತ್ತಿದ್ದಾಗ ಶಂಭುಲಿಂಗಪ್ಪನವರ ಫೋನ್ ಬಂತು. ಧ್ವನಿ ಗಡಸಾಗಿತ್ತು.

"ಏನಮ್ಮ ವಚನಾ, ಲೈನ್ ನಿಂತು ನಾಲ್ಕು ನಿಮಿಷ ಆಯ್ತು. ನಿನ್ನ ನೆಟ್‌ವರ್ಕ್ ಮತ್ತೆ ಕೆಟ್ಟಿದೆಯಲ್ಲಮ್ಮ?"

ನಾನು ಉತ್ತರ ಕೊಡುವ ಮೊದಲೇ ಅವರ ಹಿಂದಿನಿಂದ ಕುಸುಮಕ್ಕನ ಧ್ವನಿ ಕೇಳಿಸಿತು.

"ನೆಟ್‌ವರ್ಕ್ ಸರಿಯಾಗೇ ಇದೆ ಸಾರ್. ಇನ್ನೂ ಒಣಗಿಲ್ಲ, ಸ್ವಲ್ಪ ಕಾಯಿರಿ."

ಶಂಭುಲಿಂಗಪ್ಪನವರು ಫೋನ್ ಇಡಲಿಲ್ಲ. ಅವರು ಕಾದರು, ಇತ್ತ ಹೀರೇಕಾಯಿ ಹಿಡಿದುಕೊಂಡು ನಾನೂ ಕಾದೆ.