ಕೊನೆಯ ಸಾಲಿನ ಚೆಲ್ಲೋ

ಹೂಮಾಲೆಗಳನ್ನು ಬದಿಗೆ ಸರಿಸಿ ಆಕೆ ಬೆಂಚಿನ ತುದಿಯಲ್ಲಿ ಕೂರುವಷ್ಟರಲ್ಲಿ ವಾದ್ಯವೃಂದದ ನಿರ್ದೇಶಕರು ಶವದ ಪಕ್ಕ ನಿಂತು ಮಾತು ಶುರುಮಾಡಿಯಾಗಿತ್ತು.

“ಮೂವತ್ತೊಂದು ವರ್ಷ ನಮ್ಮಲ್ಲಿ ಚೆಲ್ಲೋ ನುಡಿಸಿದ್ರು. ಕೊನೆಯ ಮೂರು ವರ್ಷವಂತೂ ಅವರ ಕೈಯಿಂದ ಒಂದೇ ಒಂದು ಅಪಸ್ವರ ಬರಲಿಲ್ಲ.”

ಬರೋದಾದರೂ ಹೇಗೆ, ಎಂದುಕೊಂಡು ಆಕೆ ತಲೆ ತಗ್ಗಿಸಿದಳು.

ಹತ್ತೊಂಬತ್ತು ವರ್ಷ ಆತನ ಪಕ್ಕದ ಕುರ್ಚಿ ಆಕೆಯದು. ವಾದ್ಯವೂ ಅದೇ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೋ. ಇಬ್ಬರ ಮುಂದೆ ಒಂದೇ ಸ್ಟ್ಯಾಂಡು, ಒಂದೇ ಸ್ವರದ ಹಾಳೆ. ಕೊನೆಯ ಸಾಲಿನಲ್ಲಿ ಗೋಡೆಗೆ ಅಂಟಿದಂತೆ ಕೂರುತ್ತಿದ್ದವನನ್ನು ವೃಂದದವರೆಲ್ಲ ಗೋಡೆಯಣ್ಣ ಎನ್ನುತ್ತಿದ್ದರು. ಒಬ್ಬನೇ ನುಡಿಸುವ ಅವಕಾಶ ಆತನಿಗೆ ಯಾರೂ ಕೊಡಲಿಲ್ಲ. ಆತ ಕೇಳಿದವನೂ ಅಲ್ಲ.

ಶವ ಒಯ್ಯುವ ವಾಹನ ಬರುವುದು ತಡವಿತ್ತು. ಆಕೆ ಎದ್ದು ಹೊರಗಿನ ಮೆಟ್ಟಿಲ ಮೇಲೆ ಕೂತಾಗ ಗೋಡೆಯಣ್ಣನ ಮಗಳು ಬಂದು ಪಕ್ಕದಲ್ಲಿ ಕೂತಳು. ಬೆಳಗಿನಿಂದ ಬಂದವರಿಗೆಲ್ಲ ತಲೆಯಾಡಿಸಿ ಸೋತಿದ್ದಳು. ಒಂದು ಹನಿ ಕಣ್ಣೀರು ಬಂದಿರಲಿಲ್ಲ.

“ಆಂಟಿ, ಅಪ್ಪ ಮನೇಲಿ ನುಡಿಸೋದನ್ನ ಯಾವಾಗ್ಲೋ ಬಿಟ್ಟಿದ್ರು. ಕೇಳಿದ್ರೆ, ಅಲ್ಲಿ ನುಡಿಸಿದ್ದೇ ಸಾಕಾಗಿದೆ ಅಂತಿದ್ರು. ಒಳಗೆ ನಿರ್ದೇಶಕರು ಹೇಳಿದ್ದು ನಿಜಾನಾ?”

*

ಗೋಡೆಯಣ್ಣನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಒಂದು ದಿನ ತಾಲೀಮು ಮುಗಿದು ಎಲ್ಲರೂ ಎದ್ದುಹೋದರೂ ಗೋಡೆಯಣ್ಣ ಕೂತೇ ಇದ್ದ. ಎಡಗೈ ಬೆರಳುಗಳನ್ನು ಮಡಚಿ, ಬಿಡಿಸಿ ತೋರಿಸಿದ.

“ತಂತಿ ತಾಗ್ತಿದೆಯೋ ಇಲ್ವೋ ಗೊತ್ತಾಗ್ತಿಲ್ಲ ಕಣಮ್ಮ. ನಾಳೆ ಹೋಗಿ ಕೆಲಸ ಬಿಡ್ತೀನಿ ಅಂದ್ಬಿಡ್ಲಾ?”

ಆತನ ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಗಳು ಇನ್ನೂ ಓದುತ್ತಿದ್ದಳು.

“ಬಾಯಿ ಬಿಡ್ಬೇಡಿ. ಕಮಾನು ತಂತಿ ಮೇಲೆ ಸುಮ್ನೆ ಆಡಿಸ್ತಿರಿ. ಇಬ್ಬರ ಪಾಲೂ ನಾನೇ ನುಡಿಸ್ತೀನಿ.”

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೂರು ವರ್ಷದಲ್ಲಿ ಆಕೆಯ ಭುಜ ಸವೆದುಹೋಯಿತು. ಆತನ ನಿವೃತ್ತಿಗೆ ವಾರವಿದ್ದಾಗ, ತುಂಬಿದ ಸಭೆಯಲ್ಲಿ, ಆಕೆಯ ತೋಳು ಹಿಡಿದುಕೊಂಡು ಕಮಾನು ತೊಡೆಗೆ ಜಾರಿತು. ಆ ಭಾಗದಲ್ಲಿ ಕೆಳಸ್ವರ ನುಡಿಸಬೇಕಾದವರು ಅವರಿಬ್ಬರೇ.

ಪಕ್ಕದಿಂದ ಸದ್ದು ಬಂತು. ಬೆರಳು ಎಲ್ಲಿ ಬೀಳುತ್ತಿದೆ ಎಂದು ಕಣ್ಣಲ್ಲೇ ನೋಡಿಕೊಳ್ಳುತ್ತ, ಬೆವರುತ್ತ, ಗೋಡೆಯಣ್ಣ ನುಡಿಸುತ್ತಿದ್ದ. ಮುಂದೆ ಕಹಳೆಗಳ ಅಬ್ಬರ. ಆಕೆಯನ್ನು ಬಿಟ್ಟು ಯಾರಿಗೂ ಅದು ಕೇಳಿಸಲಿಲ್ಲ. ಪುಟ ಮುಗಿಯುವ ತನಕ ಆತ ನಿಲ್ಲಿಸಲೂ ಇಲ್ಲ.

*

ಹೌದು, ನಿಜ ಎಂಬ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಆಕೆಗೂ ದಣಿವಾಗಿತ್ತು. ಎಲ್ಲವನ್ನೂ ಹೇಳಿದಳು.

ಮಗಳು ಕರವಸ್ತ್ರವನ್ನು ಬೆರಳಿಗೆ ಸುತ್ತಿಕೊಂಡಳು.

“ನನ್ನ ಓದಿಗೋಸ್ಕರ.”

“ಅದೊಂದೇ ಅಲ್ಲ ಮಗಳೇ. ಅವರಿಗೆ ಅಲ್ಲಿ, ವಾದ್ಯಗಳ ನಡುವೆ, ಕೂತಿರ್ಬೇಕು ಅನ್ನಿಸ್ತಿತ್ತು.”

“ಆ ಒಂದು ಪುಟ... ಹೇಗೆ ನುಡಿಸಿದ್ರು?”

ಆಕೆ ಗೇಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಇವತ್ತು ಹೇಳ್ಬಾರ್ದು. ಶ್ರುತಿ ಅನ್ನೋದೇ ಇರಲಿಲ್ಲ. ಎಣ್ಣೆ ಕಾಣದ ಬಾಗಿಲು ಕಿರ್ ಅಂದ ಹಾಗಿತ್ತು.”

ಮಗಳು ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಳು. ನಗು ತಡೆಯಲಾಗದೆ ಮೈಯೆಲ್ಲ ಕುಲುಕಿ, ಆಕೆಯ ತೊಡೆಗೆ ಮುಖ ಹುದುಗಿಸಿದಳು. ಗೇಟಿನ ಬಳಿ ನಿಂತಿದ್ದ ಸೋದರಮಾವ ಅದನ್ನು ನೋಡಿ, ಅಂತೂ ಅತ್ತಳಲ್ಲ ಎಂದುಕೊಂಡು, ಒಂದು ಲೋಟ ನೀರು ತುಂಬಿಸಿ, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೆಟ್ಟಿಲು ಹತ್ತಿದ.